ಹಟ್ಟಿಗೆ ಬಂದ ಸೀರಿಯಲ್ ಅತ್ತೆ

ಕನ್ನಡದಲ್ಲಿ ಹೊಟ್ಟೆಕಿಚ್ಚು, ತಮಿಳಿನಲ್ಲಿ ವಯತ್ತೆರಿಚ್ಚಲ್. ಎರಡು ಭಾಷೆಯವರೂ ಅದನ್ನು ಹೊಟ್ಟೆಯಲ್ಲೇ ಇಟ್ಟಿದ್ದಾರೆ. ಎರಡೂ ಭಾಷೆ ಆಡುವ ನನಗೆ ಆ ಚುನಾವಣೆಯ ಬೇಸಿಗೆಯಲ್ಲಿ ಅದು ಎರಡು ಪಾಲು ಬಂದಿತ್ತು.

ನಾನು ಕೊಯಮತ್ತೂರಿನ ಒಂದು ತಮಿಳು ದಿನಪತ್ರಿಕೆಯ ವರದಿಗಾರ್ತಿ. ಕಚೇರಿ ಗಾಂಧಿಪುರಂನಲ್ಲಿ, ಮನೆ ಕಿಣತ್ತುಕಡವಿನ ಆಚೆ, ಟೊಮೆಟೊ ಮತ್ತು ತೆಂಗು ಬೆಳೆಯುವ ಒಂದು ಊರಿನಲ್ಲಿ. ಮನೆಯಲ್ಲಿ ಅವ್ವ, ನಾನು, ಎರಡು ಹಸು, ಒಂದು ಕರು. ನಮ್ಮ ಹಿರಿಯರು ಎಷ್ಟೋ ತಲೆಮಾರಿನ ಹಿಂದೆ ಘಟ್ಟ ಇಳಿದು ಬಂದ ಒಕ್ಕಲು ಮಕ್ಕಳು. ಇವತ್ತಿಗೂ ಹೊಸ್ತಿಲಿನ ಒಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಅವ್ವನಿಗೆ ಕನ್ನಡ ಅಕ್ಷರ ಬಾರದು, ಆಗ ನನಗೂ ಬರುತ್ತಿರಲಿಲ್ಲ. ತಮಿಳಿನಲ್ಲಿ ದಿನವೂ ಬರೆಯುತ್ತಿದ್ದೆ, ಆದರೆ ನನ್ನ ಹೆಸರು ಒಂದು ದಿನವೂ ಅಚ್ಚಾದದ್ದಿಲ್ಲ. ನಮ್ಮಲ್ಲಿ ಸುದ್ದಿಯ ನೆತ್ತಿಯ ಮೇಲೆ ‘ನಮದು ನಿರುಬರ್’ ಎಂದಿರುತ್ತದೆ, ಅಂದರೆ ನಮ್ಮ ವರದಿಗಾರ. ಅವ್ವ ತಮಿಳನ್ನು ಕೂಡಿಸಿಕೊಂಡು ಓದುತ್ತಾಳೆ. ನಿರುಬರ್ ಅನ್ನುವುದು ನನ್ನ ಆಫೀಸಿನ ಯಾರೋ ದೊಡ್ಡ ಮನುಷ್ಯನ ಹೆಸರು ಎಂದು ಅವಳು ಬಹಳ ಕಾಲ ನಂಬಿದ್ದಳು.

“ಎಲ್ಲಾನೂ ಆ ನಿರುಬರೇ ಬರೀತಾನ? ನೀ ಅಲ್ಲಿ ಏನ್ ವೇಲೆ ಮಾಡ್ತಿಯ?” ಎಂದು ಕೇಳಿದ್ದಳು. ವೇಲೆ ಎಂದರೆ ಕೆಲಸ. ನಮ್ಮ ಮನೆಯ ಕನ್ನಡದಲ್ಲಿ ಅರ್ಧ ತಮಿಳೇ.

ಆ ಸಲ ಒಂದು ಪಕ್ಷ ನಮ್ಮ ಕಡೆ ಸೀರಿಯಲ್ ನಟಿಯೊಬ್ಬಳನ್ನು ನಿಲ್ಲಿಸಿತು. ಹುಟ್ಟಿದ್ದು ಬೆಂಗಳೂರಿನಲ್ಲಿ, ಹೆಸರು ಮಾಡಿದ್ದು ತಮಿಳು ಟೀವಿಯಲ್ಲಿ, ಸಂಜೆಯ ಧಾರಾವಾಹಿಯ ಕೆಟ್ಟ ಅತ್ತೆಯಾಗಿ. ಸೊಸೆಯ ಹಾಲಿಗೆ ಏನೋ ಬೆರೆಸಿದ್ದಳು, ಮಗನಿಗೆ ಇನ್ನೊಂದು ಮದುವೆ ಮಾಡಲು ಹೊಂಚು ಹಾಕುತ್ತಿದ್ದಳು. ಪ್ರಚಾರಕ್ಕೆ ಹೋದಲ್ಲೆಲ್ಲ ಹೆಂಗಸರು ಒಂದು ಕೈಯಲ್ಲಿ ಆರತಿ ತಟ್ಟೆ ಹಿಡಿದುಕೊಂಡೇ ಗದರುತ್ತಿದ್ದರು: ಮೊದಲು ಆ ಹುಡುಗಿಯನ್ನು ನೆಮ್ಮದಿಯಾಗಿ ಬಾಳಲು ಬಿಡು, ಆಮೇಲೆ ಓಟು ಕೇಳು. ಆಕೆ ಎರಡೂ ಕೆನ್ನೆ ಬಡಿದುಕೊಂಡು ತಪ್ಪಾಯಿತು ಅನ್ನುತ್ತಿದ್ದಳು. ಜನ ಕೇಕೆ ಹಾಕಿ ನಗುತ್ತಿದ್ದರು. ಮೈಕಿನಲ್ಲಿ ಮಾತ್ರ ತಪ್ಪಿಯೂ ಕನ್ನಡ ಆಡುತ್ತಿರಲಿಲ್ಲ. ಎದುರು ಪಕ್ಷದವರು ಮೊದಲೇ ಹೊರಗಿನವಳು, ಹೊರಗಿನವಳು ಎಂದು ಕೂಗುತ್ತಿದ್ದರು. ಆದರೆ ನಮ್ಮಂಥ ಊರುಗಳಲ್ಲಿ ಕನ್ನಡ ಮನೆಗಳ ಓಟೂ ಇದೆಯಲ್ಲ. ಅಲ್ಲಿ ಜೀಪಿನಿಂದ ಬಗ್ಗಿ, ಮೈಕನ್ನು ಅಂಗೈಯಲ್ಲಿ ಮುಚ್ಚಿ, ಮೆಲ್ಲಗೆ ‘ಚೆನ್ನಾಗಿದೀರಾ?’ ಎಂದು ಕೇಳುತ್ತಿದ್ದಳು.

ನಟಿ ನಿಂತರೆ ವರದಿಗಾರರ ಕಸುಬೇ ಬೇರೆಯಾಗುತ್ತದೆ. ಬೇರೆ ಅಭ್ಯರ್ಥಿ ಎಲ್ಲಿಗೆ ಹೋದ, ಏನು ಹೇಳಿದ ಎಂದು ಬರೆದರೆ ಸಾಕು. ಈಕೆಯ ವಿಷಯದಲ್ಲಿ ಏನು ಉಟ್ಟಳು, ಎಲ್ಲಿ ತಿಂದಳು, ಯಾವ ಅಜ್ಜಿಯನ್ನು ಅಪ್ಪಿಕೊಂಡಳು ಎಂಬುದೇ ಸುದ್ದಿ. ಬೆಳಿಗ್ಗೆ ಫೋನಿಗೆ ಪಕ್ಷದವರ ಸಂದೇಶ ಬರುತ್ತದೆ: ಇಂಥ ಕಡೆ ವಡೆ ಕರಿಯುತ್ತಾರೆ, ಇಂಥ ಕಡೆ ಬಟ್ಟೆ ಇಸ್ತ್ರಿ ಮಾಡುತ್ತಾರೆ. ನಾವೆಲ್ಲ ಒಂದು ವ್ಯಾನಿನಲ್ಲಿ ಕಿಕ್ಕಿರಿದು ಹಿಂದೆ ಓಡುತ್ತೇವೆ. ಫೋಟೋದವರು ಇನ್ನೊಂದ್ಸಲ, ಇನ್ನೊಂದ್ಸಲ ಅನ್ನುತ್ತಾರೆ, ಆಕೆ ಬೆಂದ ವಡೆಯನ್ನೇ ಮತ್ತೆ ಮತ್ತೆ ಎಣ್ಣೆಯಲ್ಲಿ ಮಗುಚುತ್ತಾಳೆ. ಒಂದು ದಿನ ಅಲ್ಲಿನ ಅಭ್ಯರ್ಥಿಯ ಪರವಾಗಿ ತಿರುಪ್ಪೂರಿಗೂ ಕರೆದೊಯ್ದರು. ಬನಿಯನ್ ಕಂಪನಿಯ ಹೊಲಿಗೆ ಯಂತ್ರದ ಮುಂದೆ ಕೂರಿಸಿ ಫೋಟೋ ಹಿಡಿದರು. ಯಂತ್ರಕ್ಕೆ ದಾರವೇ ಪೋಣಿಸಿರಲಿಲ್ಲ. ಮರುದಿನ ಎಲ್ಲ ಪತ್ರಿಕೆಗಳಲ್ಲೂ ಆಕೆ ದಾರವಿಲ್ಲದೆ ಬನಿಯನ್ ಹೊಲಿಯುತ್ತಿದ್ದಳು.

ನನ್ನ ಬಳಿ ಒಂದೇ ಒಂದು ಪ್ರಶ್ನೆ ಇತ್ತು. ಬೆಲೆ ಬಿದ್ದಾಗ ನಮ್ಮ ಕಡೆಯವರು ಟೊಮೆಟೊವನ್ನು ರಸ್ತೆ ಬದಿಗೆ ಸುರಿದು ಹೋಗುತ್ತಾರೆ, ಗೆದ್ದರೆ ಅದಕ್ಕೆ ಏನು ಮಾಡುತ್ತೀರಿ? ಕೇಳಿದೆ, ತಮಿಳಿನಲ್ಲಿ. ಆಕೆ ಎರಡೂ ಕೈ ಜೋಡಿಸಿ, ನಿಮ್ಮೂರ ಟೊಮೆಟೊ ರಸಂ ಅಂದರೆ ನನಗೆ ಪ್ರಾಣ ಅಂದಳು. ಅದೇ ತಲೆಬರಹವಾಯಿತು, ನಮ್ಮ ಪತ್ರಿಕೆಯಲ್ಲೂ. ಇನ್ನೊಂದು ದಿನ, ಜೀಪು ಹೊರಡುವ ಮುಂಚೆ, ಧೈರ್ಯ ಮಾಡಿ ಅದನ್ನೇ ಕನ್ನಡದಲ್ಲಿ ಕೇಳಿದೆ. ತಕ್ಕಾಳಿಗೆ ವಿಲೆ ಬಿದ್ರೆ ಎಂದು ಶುರು ಮಾಡಿದೆ, ನಮ್ಮ ಮನೆಯಲ್ಲಿ ಟೊಮೆಟೊಗೂ ಬೆಲೆಗೂ ಹೇಳುವ ಹಾಗೆಯೇ. ಆಕೆ ತಲೆ ಒಂದು ಕಡೆ ವಾಲಿಸಿ ಕೇಳಿಸಿಕೊಂಡಳು. ಆಮೇಲೆ ತುಂಬ ಮರ್ಯಾದೆಯಿಂದ, “ಪರವಾಗಿಲ್ಲ, ನೀವು ತಮಿಳಲ್ಲೇ ಕೇಳಿ, ನಂಗೆ ಅರ್ಥ ಆಗತ್ತೆ” ಅಂದಳು.

ನನ್ನ ಪಕ್ಕದಲ್ಲಿ ನಿಂತಿದ್ದ ಹುಡುಗಿ ಕಿಸಕ್ಕನೆ ನಕ್ಕಳು.

ಅವಳದ್ದೇ ಕಥೆ ಇದು. ಉಡುಪಿ ಕಡೆಯವಳು, ಓದಲು ಕೊಯಮತ್ತೂರಿಗೆ ಬಂದು ಇಲ್ಲೇ ಉಳಿದಿದ್ದಳು. ಸಿಂಗಾನಲ್ಲೂರಿನಲ್ಲಿ ಬಾಡಿಗೆ ಕೋಣೆ. ಬೆಂಗಳೂರಿನ ಯಾವುದೋ ಆನ್‌ಲೈನ್ ಚಾನೆಲಿಗೆ ವಿಡಿಯೋ ಮಾಡುತ್ತಿದ್ದಳು. ಒಂದು ಫೋನು, ಒಂದು ಕೋಲು, ಕುತ್ತಿಗೆಗೆ ಸಿಕ್ಕಿಸಿದ ಸಣ್ಣ ಮೈಕು, ಅಷ್ಟೇ ಅವಳ ಆಸ್ತಿ. ನನಗಿಂತ ಹದಿನೈದು ವರ್ಷ ಚಿಕ್ಕವಳಿರಬೇಕು. ಅವಳು ಬಾಯಿ ತೆರೆದರೆ ಅಚ್ಚಾದ ಪುಸ್ತಕವನ್ನು ಯಾರೋ ಓದುತ್ತಿದ್ದಂತೆ ಇರುತ್ತಿತ್ತು, ಒಂದು ಅಕ್ಷರ ಜಾರುತ್ತಿರಲಿಲ್ಲ. ನಟಿಗೆ ಅವಳೆಂದರೆ ಎರಡೇ ದಿನಕ್ಕೆ ಅಚ್ಚುಮೆಚ್ಚು. ನಾವು ವ್ಯಾನಿನಲ್ಲಿ ಬೆವರುತ್ತಿದ್ದರೆ ಅವಳು ಜೀಪಿನಲ್ಲಿ, ನಟಿಯ ಕಾಲ ಬಳಿ ಕೂತು ಎಳನೀರು ಕುಡಿಯುತ್ತಿದ್ದಳು. ನಮ್ಮ ನಮ್ಮ ಪತ್ರಿಕೆಗಳಲ್ಲಿ ನಾವು ಹೆಸರಿಲ್ಲದವರು. ಅವಳ ವಿಡಿಯೋದಲ್ಲಿ ಮೊದಲು ಅವಳ ಮುಖ, ಆಮೇಲೆ ನಟಿಯದ್ದು.

ಅವತ್ತು ನಕ್ಕವಳು ನನ್ನ ತೋಳು ಹಿಡಿದುಕೊಂಡು, “ಅಕ್ಕ, ನಿಮ್ಮ ಕನ್ನಡ ಎಷ್ಟು ಕ್ಯೂಟ್ ಉಂಟು ಮಾರಾಯ್ರೆ!” ಅಂದಳು.

ಕ್ಯೂಟ್! ನಾಯಿಮರಿಗೆ ಹೇಳುವ ಮಾತು. ನನ್ನ ಅವ್ವ, ಅವಳ ಅವ್ವ, ಅವಳ ಅವ್ವ ಹೊತ್ತುಕೊಂಡು ಬಂದ ಮಾತಿಗೆ ಈ ಹುಡುಗಿ ಇಟ್ಟ ಬೆಲೆ ಅದು. ಅವತ್ತು ಬಸ್ಸಿನಲ್ಲಿ ಮನೆಗೆ ಬರುವಾಗಲೇ ಕನ್ನಡ ಅಕ್ಷರ ಕಲಿಯುವುದೆಂದು ನಿಶ್ಚಯ ಮಾಡಿದೆ. ಭಾಷೆಯ ಅಭಿಮಾನ ಎಂದು ಆಮೇಲೆ ಕೆಲವರು ಹೊಗಳಿದ್ದಾರೆ. ಅಭಿಮಾನವೂ ಇಲ್ಲ, ಏನೂ ಇಲ್ಲ. ಒಂದನೇ ತರಗತಿಯ ಪುಸ್ತಕ ಮುಂದಿಟ್ಟುಕೊಂಡು ನಾನು ಅ ಆ ಇ ಈ ತಿದ್ದಿದ್ದು ಬರೀ ಹೊಟ್ಟೆಕಿಚ್ಚಿನಿಂದ. ನೀವು ಈಗ ಓದುತ್ತಿರುವುದೂ ಅದೇ ಕಿಚ್ಚಿನ ಬೂದಿ.

ಪ್ರಚಾರದ ಪಟ್ಟಿಯಲ್ಲಿ ನಮ್ಮೂರಿನ ಹೆಸರು ಬಂದ ದಿನ ಅವ್ವನಿಗೆ ನಿದ್ದೆ ಬರಲಿಲ್ಲ. ಆ ಅತ್ತೆಯನ್ನು ಅವಳು ಸಂಜೆ ಸಂಜೆ ಬೈಯುತ್ತಿದ್ದಳು, ಬೈಯದೆ ಇರಲಾರಳು. “ಅವ್ಳ್ನ ನಮ್ ಹಟ್ಟಿಗ ಕರ್ಕೊಂಡ್ ಬಾ. ಒಂದ್ ವಾಯಿ ಮಜ್ಜಿಗೆ ಕುಡೀಲಿ. ನಾ ಎರಡ್ ಮಾತು ಕೇಳ್ಬೇಕು” ಅಂದಳು.

ನಮ್ಮ ಮಾತಿನಲ್ಲಿ ಹಟ್ಟಿ ಎಂದರೆ ಮನೆ. ವಾಸದ ಮನೆ, ಒಲೆ ಉರಿಯುವ ಮನೆ. ದನ ಕಟ್ಟುವ ಜಾಗ ಬೇರೆ, ಅದು ಕೊಟ್ಟಾಯಿ.

“ಅವ್ರು ಹಂಗೆಲ್ಲ ಯಾರ್ ಹಟ್ಟಿಗೂ ಬರಲ್ಲ ಅವ್ವ” ಅಂದೆ.

“ನೀ ಕೂಪಿಟ್ರೆ ಬರಲ್ವ? ಇಷ್ಟ್ ವರ್ಷ ಪೇಪರ್ ಆಫೀಸಲ್ಲಿ ಇದ್ದಿಯ?”

ಅವಳು ಕುಹಕಕ್ಕೆ ಕೇಳಿದ್ದಲ್ಲ. ನಿಜವಾಗಿಯೂ ತಿಳಿಯದೆ ಕೇಳಿದ್ದು. ಅದಕ್ಕೇ ಅಷ್ಟು ಚುಚ್ಚಿತು. ನಾನು ಕರೆದರೆ ಒಬ್ಬ ನಟಿ ಐದು ನಿಮಿಷ ನನ್ನ ಮನೆಗೆ ಬರುತ್ತಾಳೋ ಇಲ್ಲವೋ? ಆ ಪ್ರಶ್ನೆಗೆ ಅವ್ವನ ಎದುರು ಉತ್ತರ ಕೊಡಬೇಕಿತ್ತು. ಇಷ್ಟು ವರ್ಷ ಯಾವುದೋ ನಿರುಬರ್‌ನ ನೆರಳಿನಲ್ಲಿದ್ದ ಮಗಳು ಏನಾದರೂ ಆಗಿದ್ದಾಳೋ ಇಲ್ಲವೋ ಎಂಬುದು ಅದರಲ್ಲೇ ಇತ್ತು. ಕರ್ಕೊಂಡ್ ಬರ್ತೀನಿ ಅಂದುಬಿಟ್ಟೆ.

ಪತ್ರಕರ್ತರನ್ನು ನೋಡಿಕೊಳ್ಳಲು ಪಕ್ಷದವರು ಒಬ್ಬ ಮ್ಯಾನೇಜರನ್ನು ಇಟ್ಟಿದ್ದರು. ಅವನ ಬಳಿ ಹೋಗಿ, ನಮ್ಮೂರಿನ ದಾರಿಯಲ್ಲೇ ನಮ್ಮ ಮನೆ, ಅಮ್ಮ ನಿಮ್ಮ ನಟಿಯ ಸೀರಿಯಲ್ ಒಂದು ದಿನ ಬಿಟ್ಟವಳಲ್ಲ ಎಂದು ಹಲ್ಲು ಕಿರಿದೆ. ಅವನು ಫೋನಿನಿಂದ ಕಣ್ಣೆತ್ತದೆ “ಪಾಕ್ಕಲಾಂಗ” ಅಂದ. ಹಾಗೆಂದರೆ ನೋಡೋಣ. ನಮ್ಮ ಕೊಂಗು ಸೀಮೆಯಲ್ಲಿ ಆಗುವುದಿಲ್ಲ ಎಂದು ಬಾಯಿಬಿಟ್ಟು ಹೇಳಿದರೆ ಅಮರ್ಯಾದೆ, ಅದಕ್ಕೆ ನೋಡೋಣ ಅನ್ನುತ್ತಾರೆ. ನನಗೆ ಅರ್ಥವಾಯಿತು. ಅವ್ವನಿಗೆ ಹೇಳಲಿಲ್ಲ.

ಆ ದಿನ ಅವ್ವ ಬೆಳಕು ಹರಿಯುವ ಮುಂಚೆಯೇ ಅಂಗಳ ಸಾರಿಸಿ, ದೊಡ್ಡ ಕೋಲ, ಅಂದರೆ ರಂಗೋಲಿ, ಹಾಕಿದ್ದಳು. ಮದುವೆಗೆ ಉಡುವ ಸೀರೆ ಉಟ್ಟಿದ್ದಳು. ಹಿತ್ತಾಳೆ ಚೊಂಬಿನಲ್ಲಿ ಮಜ್ಜಿಗೆ, ಅದಕ್ಕೆ ಹಸಿಮೆಣಸು, ಶುಂಠಿ, ಕರಿಬೇವು. ಆರತಿ ತಟ್ಟೆ ಬೇರೆ. ನಾನು ಆ ಹೊತ್ತಿಗೆ ಊರಾಚೆ, ಬೆವರು ನಾರುವ ವ್ಯಾನಿನೊಳಗೆ ಇದ್ದೆ. ಆ ಹುಡುಗಿ ಒಳ್ಳೆ ಜಾಗ ಹುಡುಕಲು ಜೀಪಿಗಿಂತ ಮುಂಚೆ ನಮ್ಮೂರಿಗೆ ಬಂದಿದ್ದಳು. ಅವಳಿಗೆ ಅದು ಯಾರ ಮನೆ ಎಂದು ಗೊತ್ತಿರಲಿಲ್ಲ. ಅವಳು ಕನ್ನಡದಲ್ಲಿ ಫೋನಿಗೆ ಮಾತಾಡುವುದನ್ನು ಅವ್ವ ಕೇಳಿಸಿಕೊಂಡು, ಬೇಲಿಯ ಬಳಿಗೆ ಬಂದು, ಮಕ್ಕಳನ್ನು ಮುದ್ದಿಗೆ ಕಣ್ಣು ಅನ್ನುವ ಹಾಗೆ ಕರೆದಿದ್ದಾಳೆ.

“ಏನುಂಗ ಅಮ್ಮಣಿ, ಆ ನಟೀನ ನಮ್ ಹಟ್ಟಿಗ ಒಂದ್ ಗಳಿಗೆ ಕರ್ಕೊಂಡ್ ಬಾ ಕಣ್ಣು.”

ಉಡುಪಿ ಕಡೆ ಹಟ್ಟಿ ಎಂದರೆ ದನದ ಕೊಟ್ಟಿಗೆ. ಹುಡುಗಿಗೆ ಕಣ್ಣು ಮಿಂಚಿತು. ಹಳ್ಳಿಯ ಅಜ್ಜಿಯೊಬ್ಬಳು ತಾರೆಯನ್ನು ತನ್ನ ದನದ ಕೊಟ್ಟಿಗೆಗೆ ಕರೆಯುತ್ತಿದ್ದಾಳೆ! ವಡೆ ಕರಿಸಿ ಇಸ್ತ್ರಿ ಹಾಕಿಸಿ ಬೇಸತ್ತಿದ್ದ ಮ್ಯಾನೇಜರನಿಗೆ ಅವಳು ಒಂದು ಫೋನು ಮಾಡಿದಳು. ನಾನು ಹಲ್ಲು ಕಿರಿದು ಸಾಧಿಸಲಾರದ್ದು ಅವಳ ಒಂದು ಫೋನಿಗೆ ಆಗಿಹೋಯಿತು.

ವ್ಯಾನು ಇಳಿದು ನೋಡುತ್ತೇನೆ, ಜೀಪು ನಿಂತಿರುವುದು ನಮ್ಮ ಮನೆಯ ಮುಂದೆ. ಒಂದು ಕ್ಷಣ ಎದೆ ಅರಳಿತು. ಆ ಮ್ಯಾನೇಜರ್ ಒಳ್ಳೆಯವನೇ ಅಂದುಕೊಂಡೆ. ಮರುಕ್ಷಣ, ನಟಿ ಅಂಗಳದ ಕೋಲ ತುಳಿಯದೆ ಪಕ್ಕದ ಸಂದಿಯಲ್ಲಿ ನುಗ್ಗಿ, ರೇಷ್ಮೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ನೇರವಾಗಿ ಕೊಟ್ಟಾಯಿಗೆ ಹೋಗುವುದು ಕಂಡಿತು. ಹಿಂದೆ ಫೋಟೋದವರ ದಂಡು, ಅವರ ಹಿಂದೆ ತಪ್ಪಟೆ ಬಡಿಯುವವರು. ಅವ್ವ ಬಾಗಿಲಲ್ಲಿ ಆರತಿ ತಟ್ಟೆ ಹಿಡಿದು ನಿಂತೇ ಇದ್ದಳು. “ಅಲ್ಲಿ ಯಾಕ್ ಹೋಯ್ತಾರೆ? ಇತ್ಲಾಗ್ ಬರಾಕ್ ಹೇಳು” ಎಂದು ನನ್ನನ್ನು ಕಂಡು ಕೂಗಿದಳು. ನಾನು ಹೇಳಲು ಓಡಿದೆ. ಕೇಳುವವರು ಯಾರು?

ಕೊಟ್ಟಾಯಿಯಲ್ಲಿ ನಮ್ಮ ಕರು ತಪ್ಪಟೆಯ ಸದ್ದಿಗೆ ಬೆದರಿ, ಹಗ್ಗ ಜಗ್ಗಿ, ಹಿಂಗಾಲಲ್ಲಿ ಒದೆಯುತ್ತಿತ್ತು. ನಟಿಗೆ ಅದರ ಕುತ್ತಿಗೆ ಅಪ್ಪಿಕೊಳ್ಳಬೇಕು. ಅದು ಹತ್ತಿರ ಸೇರಿಸುತ್ತಿಲ್ಲ. ಮ್ಯಾನೇಜರ್ ಬಂದರೂ ಇಲ್ಲ, ಪಕ್ಷದ ದಪ್ಪ ಮನುಷ್ಯರು ಬಂದರೂ ಇಲ್ಲ. ಎಷ್ಟೆಂದರೂ ನಾನು ಬೆಳಿಗ್ಗೆ ಸಂಜೆ ಹುಲ್ಲು ಹಾಕುವ ಕರು. ಹೋಗಿ ಹಗ್ಗ ಹಿಡಿದು, ಹೋ ಹೋ ಅಂದೆ. ನಿಂತಿತು.

“ಅಕ್ಕ, ಫ್ರೇಮಲ್ಲಿ ಬರ್ತಿದೀರಿ, ಪಕ್ಕಕ್ಕೆ ಹೋಗಿ!” ನಮ್ಮದೇ ಪತ್ರಿಕೆಯ ಫೋಟೋಗ್ರಾಫರ್ ತಮಿಳಿನಲ್ಲಿ ಕೂಗಿದ. ಹಗ್ಗ ಬಿಟ್ಟರೆ ಕರು ಓಡುತ್ತದೆ, ಹತ್ತಿರ ನಿಂತರೆ ಫೋಟೋ ಕೆಡುತ್ತದೆ. ಕೊನೆಗೆ ಗೋಡೆಗೆ ಅಂಟಿಕೊಂಡು, ಸಗಣಿಯಲ್ಲಿ ಕಾಲೂರಿ, ತೋಳು ಇದ್ದಷ್ಟೂ ಉದ್ದ ಚಾಚಿ ಹಗ್ಗ ಹಿಡಿದು ನಿಂತೆ. ನಟಿ ಕರುವಿನ ಕೆನ್ನೆಗೆ ಕೆನ್ನೆ ಒತ್ತಿದಳು. ಹುಡುಗಿ ತನ್ನ ಕೋಲು ಹಿಡಿದುಕೊಂಡು ನಗುನಗುತ್ತ ಮಾತಾಡುತ್ತಿದ್ದಳು: ಅಜ್ಜಿಯ ಪ್ರೀತಿಯ ಕರೆಗೆ ಓಗೊಟ್ಟು ದನದ ಹಟ್ಟಿಗೆ ಬಂದ ತಾರೆ! ನನ್ನ ಮನೆಯಲ್ಲಿ, ನನ್ನ ಕರುವಿನ ಮುಂದೆ, ನನ್ನ ಅವ್ವನನ್ನು ಅವಳು ಅಜ್ಜಿ ಅನ್ನುತ್ತಿದ್ದಳು.

ಮುಗಿಯಿತು. ಜೀಪನ್ನು ಹಿಂದಿನ ದಾರಿಗೆ ತಂದು ನಿಲ್ಲಿಸಿದ್ದರು. ನಟಿ ಅತ್ತಲಿಂದಲೇ ಹತ್ತಿ ಹೋದಳು. ಕೋಲ ಅಳಿಯಲಿಲ್ಲ, ಆರತಿ ಎತ್ತಲಿಲ್ಲ, ಅವ್ವನ ಎರಡು ಮಾತು ಅವಳ ಬಾಯಲ್ಲೇ ಉಳಿಯಿತು.

ನಾನು ಕಾಲು ತೊಳೆದು ಮುಂಬಾಗಿಲಿಗೆ ಬಂದರೆ, ಆ ಹುಡುಗಿ ನಮ್ಮ ಜಗುಲಿಯ ಮೇಲೆ ಕೂತು ನಟಿಗೆಂದು ಮಾಡಿದ ಮಜ್ಜಿಗೆ ಕುಡಿಯುತ್ತಿದ್ದಾಳೆ! ಅವ್ವ ಪಕ್ಕದಲ್ಲಿ ಕೂತು ಬೀಸಣಿಗೆ ಬೀಸುತ್ತಿದ್ದಾಳೆ. ನನಗೆ ಯಾವತ್ತು ಬೀಸಿದ್ದಳು? “ಇವ್ಳು ಎಷ್ಟ್ ಅಳಗಾಗಿ ಮಾತಾಡ್ತಾಳೆ ನೋಡು, ಟೀವೀಲಿ ಬಂದಂಗೆ” ಎಂದು ನನಗೇ ಹೇಳಿದಳು. ಅಳಗು ಎಂದರೆ ಚೆಂದ. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರಲ್ಲ, ನಾನು ಆ ಗಿಡವಾಗಿ ಅಲ್ಲೇ ನಿಂತಿದ್ದೆ. ನಟಿ ಹೋದದ್ದಕ್ಕೆ ನನಗೆ ಅಷ್ಟು ನೋವಾಗಲಿಲ್ಲ. ಆ ಬೀಸಣಿಗೆಯ ಗಾಳಿಗೆ ಹೊಟ್ಟೆಯೊಳಗಿನ ಕೆಂಡ ಭಗ್ಗೆಂದಿತು.

“ಅಯ್ಯೋ, ಇದು ನಿಮ್ಮ ಮನೆಯಾ ಅಕ್ಕ? ಮೊದಲೇ ಹೇಳುದಲ್ವಾ!” ಎಂದು ಹುಡುಗಿ ಎದ್ದು ನಿಂತಳು.

ಅವತ್ತು ನಾನು ಟೊಮೆಟೊ ಬಗ್ಗೆಯೇ ಬರೆದೆ. ಮರುದಿನ ಮುಖಪುಟದಲ್ಲಿ ಕರುವನ್ನು ಅಪ್ಪಿದ ನಟಿ. ಟೊಮೆಟೊ ಒಳಪುಟದಲ್ಲಿ, ನಾಲ್ಕು ಸಾಲು, ನಮದು ನಿರುಬರ್. ಹುಡುಗಿಯ ವಿಡಿಯೋ ಊರೂರು ಸುತ್ತಿತು. ನಮ್ಮ ನೆಂಟರು ಮಾತ್ರ ಕೆರಳಿದರು: ನಮ್ಮ ಹಟ್ಟಿಯನ್ನು ದನದ ಕೊಟ್ಟಾಯಿ ಅಂತಾಳಲ್ಲ, ನಾವೇನು ದನಗಳಾ? ಆಗಲೇ ನನಗೆ ಎಡವಟ್ಟು ಎಲ್ಲಾಯಿತೆಂದು ತಿಳಿದದ್ದು. ಖುಷಿಯಿಂದ ಅವಳಿಗೆ ಫೋನು ಮಾಡಿ, ಒಂದೊಂದು ಅಕ್ಷರ ಬಿಡಿಸಿ ಹೇಳಿದೆ. ನಿನ್ನ ಪುಸ್ತಕದ ಕನ್ನಡಕ್ಕೆ ಹಟ್ಟಿ ಎಂದರೇನೆಂದೇ ಗೊತ್ತಿಲ್ಲ, ನೀನು ಕರೆದೊಯ್ದದ್ದು ತಪ್ಪು ಜಾಗಕ್ಕೆ.

“ಹೌದಾ ಅಕ್ಕ? ನಮ್ಮಲ್ಲಿ ಹಟ್ಟಿ ಅಂದ್ರೆ ದನ ಕಟ್ಟುದು. ಛೆ, ಅಮ್ಮನಿಗೆ ಎಷ್ಟು ಬೇಜಾರಾಗಿರ್ಬೇಕು” ಅಂದಳು. ಮಾರನೇ ದಿನ ಇನ್ನೊಂದು ವಿಡಿಯೋ ಹಾಕಿದಳು: ನನ್ನ ತಪ್ಪು, ನಾನು ಇವತ್ತು ಕಲಿತ ಪದ, ಹಟ್ಟಿ ಎಂದರೆ ಮನೆ. ಕೊನೆಯಲ್ಲಿ ಕಣ್ಣೊರೆಸಿಕೊಂಡಳು. ಅದನ್ನು ಮೊದಲಿನದ್ದಕ್ಕಿಂತ ಹೆಚ್ಚು ಜನ ನೋಡಿದರು. ಅವಳು ಸರಿ ಮಾಡಿದರೂ ಮೆಚ್ಚುಗೆ, ತಪ್ಪು ಮಾಡಿದರೂ ಮೆಚ್ಚುಗೆ. ಉರಿಯುವ ಬೆಂಕಿಗೆ ನಾನೇ ತುಪ್ಪ ಸುರಿದುಕೊಂಡಿದ್ದೆ.

ಕ್ಷಮೆ ಕೇಳಲು ಬಂದವಳು ಆಮೇಲೆ ಭಾನುವಾರ ಭಾನುವಾರ ಬರತೊಡಗಿದಳು. ಅವ್ವ ಅವಳಿಗೆ ಸಂದಗೆ, ಅಂದರೆ ಒತ್ತುಶ್ಯಾವಿಗೆ, ಮಾಡಿಕೊಡುತ್ತಿದ್ದಳು, ಜಗುಲಿಯಲ್ಲಿ ಕೂರಿಸಿ ಎಣ್ಣೆ ಹಚ್ಚಿ ತಲೆ ಬಾಚುತ್ತಿದ್ದಳು. ನನ್ನ ಫೋನು ಕಿತ್ತುಕೊಂಡು ಅವಳ ವಿಡಿಯೋ ನೋಡುತ್ತಿದ್ದಳು. ನಾನು ಒಳಗೆ ಕೂತು ಒಂದನೇ ತರಗತಿಯ ಒತ್ತಕ್ಷರ ತಿದ್ದುತ್ತಿದ್ದೆ, ನಿಬ್ಬು ಮುರಿಯುವಷ್ಟು ಒತ್ತಿ.

ನಟಿ ಸೋತಳು. ಟೀವಿಗೆ ವಾಪಸು ಹೋಗಿ ಸೊಸೆಯನ್ನು ಮತ್ತೆ ಗೋಳು ಹೊಯ್ದುಕೊಳ್ಳತೊಡಗಿದಳು. ಹುಡುಗಿಗೆ ಬೆಂಗಳೂರಿನ ಸ್ಟುಡಿಯೋದಲ್ಲಿ ಕೂರುವ ಕೆಲಸ ಸಿಕ್ಕಿತು. ಹೇಳಿ ಹೋಗಲು ಬಂದ ದಿನ ಅವಳು ಮೊದಲ ಸಲ ನಮ್ಮ ನಡುಮನೆಗೆ ಬಂದಳು. ಅಲ್ಲಿ ಬೀರುವಿನ ಬಾಗಿಲಿಗೆ, ಕ್ಯಾಲೆಂಡರಿನ ಪಕ್ಕ, ಪತ್ರಿಕೆಯ ಒಂದು ತುಂಡು ಅಂಟಿಸಿತ್ತು. ಅವ್ವ ಅಂಟಿಸಿದ್ದು. ಕರುವಿನ ಮೂತಿ ಕಂಡದ್ದರಿಂದ ನಟಿಯ ಫೋಟೋ ಎಂದೇ ನಾನು ಅದನ್ನು ಸರಿಯಾಗಿ ನೋಡಿರಲಿಲ್ಲ. ನೋಡಿದರೆ ಇನ್ನಷ್ಟು ಉರಿಯುತ್ತದೆ ಎಂದು ಮುಖ ತಿರುಗಿಸಿಯೇ ಓಡಾಡುತ್ತಿದ್ದೆ.

“ನಟಿ ಫೋಟೋ ಇಟ್ಕೊಂಡಿದ್ದೀರಾ ಅಮ್ಮ?” ಎಂದು ಹುಡುಗಿ ಹತ್ತಿರ ಹೋದಳು.

“ನಟಿ ಯಾರ್ಗ್ ಬೇಕು? ಅವ್ಳ್ನ ಮಡಿಸಿ ಹಿಂದ್ಕ ತಳ್ಳಿವ್ನಿ. ಇಲ್ಲಿ ನೋಡು ಕಣ್ಣು.” ಅವ್ವ ಬೆರಳಿಟ್ಟಳು. ಚಿತ್ರದ ಅಂಚಿನಲ್ಲಿ ಕರುವಿನ ಹಗ್ಗ, ಹಗ್ಗದ ತುದಿಯಲ್ಲಿ ಕಪ್ಪು ಪಟ್ಟಿಯ ವಾಚು ಕಟ್ಟಿದ ಒಂದು ಕೈ. ಮಣಿಕಟ್ಟಿನ ಆಚೆ ಏನೂ ಇಲ್ಲ, ಫೋಟೋಗ್ರಾಫರ್ ಕತ್ತರಿಸಿದ್ದ. “ಇದು ನಮ್ ಹುಡ್ಗಿ ಕೈ. ಆ ವಾಚು ನಾ ವಾಂಗಿ ಕೊಟ್ಟದ್ದು. ಅಷ್ಟ್ ಗಂಡಸ್ರು ಇದ್ರು, ಕರು ಯಾರ್ ಮಾತು ಕೇಳ್ಲಿಲ್ಲ. ಪೇಪರಲ್ಲಿ ಬಂದದೆ ನೋಡು, ಮೊದಲ್ನೇ ಪುಟದಲ್ಲಿ.”

ಹೆತ್ತವರಿಗೆ ಹೆಗ್ಗಣ ಮುದ್ದು. ಇಷ್ಟು ವರ್ಷ ಬರೆದದ್ದೆಲ್ಲ ಯಾರೋ ನಿರುಬರ್‌ನ ಪಾಲಾಗಿತ್ತು. ಆ ಒಂದು ಕೈ ಮಾತ್ರ ನನ್ನದೆಂದು ಅವಳು ಹುಡುಕಿ ಹಿಡಿದಿದ್ದಳು.

ಹುಡುಗಿ ಆ ಕೈಯನ್ನೇ ನೋಡುತ್ತಿದ್ದಳು. ಆಮೇಲೆ ಬೀರು ನೋಡಿದಳು, ಗೋಡೆ ನೋಡಿದಳು. ಅವಳ ಊರಿನ ಮನೆಯಲ್ಲಿ ಯಾರಿದ್ದರೋ, ಏನು ಕತೆಯೋ, ಇಷ್ಟು ಭಾನುವಾರಗಳಲ್ಲಿ ನಾನು ಕೇಳಿರಲೇ ಇಲ್ಲ. “ನಂದು ಒಂದೂ ಫೋಟೋ ಇಟ್ಕೊಳ್ಳಿಲ್ವಾ ಅಮ್ಮ?” ಎಂದು ನಗುತ್ತ ಕೇಳಿದಳು. ಆ ನಗು ತುಟಿಯಿಂದ ಮೇಲಕ್ಕೆ ಹೋಗಲಿಲ್ಲ.

ಆ ಮುಖ ನನಗೆ ಚೆನ್ನಾಗಿ ಗೊತ್ತಿತ್ತು. ಆ ಬೇಸಿಗೆ ಪೂರ್ತಿ ನಾನು ಕನ್ನಡಿಯಲ್ಲಿ ನೋಡಿದ್ದು ಅದೇ ಮುಖ. ಸುಳ್ಳೇಕೆ ಹೇಳಲಿ, ನನಗೆ ಖುಷಿಯಾಯಿತು. ಎಷ್ಟು ಖುಷಿಯಾಯಿತೆಂದರೆ, ಒಳಗೆ ಹೋಗಿ ಹಿತ್ತಾಳೆ ಚೊಂಬಿನಲ್ಲಿ ಮಜ್ಜಿಗೆ ತಂದು, ಬೀಸಣಿಗೆ ತೆಗೆದುಕೊಂಡು, ಅವಳು ಕುಡಿದು ಮುಗಿಸುವವರೆಗೂ ನಾನೇ ಬೀಸಿದೆ.